30 ದಿನದ ವಿಂಡೋಸ್



ಸ್ವಲ್ಪ ಉದ್ದದ ಪೋಸ್ಟ್. ಬಿಡುವಾದಾಗ ಓದಿ. ನಮ್ಮ ತಾಲ್ಲೂಕಿನ ಒಂದು ಕೇರಿಯ ಸ್ಮಶಾನದ ಕೇಸಿಗೆ ಬೇಕಾಗಿ ಒಂದು ಹಳೇ ಕಂಪ್ಯೂಟರಿಗೆ ಮತ್ತೆ ವಿಂಡೋಸ್ ಎಕ್ಸ್‌ಪಿ ಹಾಕಬೇಕಾಗಿ ಬಂತು. ಆ ಮೂರು ವಾರದಲ್ಲಿ ನಾನು ಓದಿದ್ದು, ತಿಳ್ಕೊಂಡಿದ್ದು ಬರೀತಿದ್ದೀನಿ. "ಚಳವಳಿಗೂ ಲೈಸೆನ್ಸಿಗೂ ಏನ್ ಸಂಬಂಧ ಅಣ್ಣಾ" ಅಂತ ನಮ್ಮ ಹುಡುಗನೇ ಕೇಳ್ದ. ಇದೆ. ಅದಕ್ಕೇ ಬರೀತಿರೋದು.

ಮೊದಲು ಕೇಸಿನ ವಿಷಯ. ಊರ ಹೊರಗಿನ ಗೋಮಾಳದಲ್ಲಿ ಅರ್ಧ ಎಕರೆಯಷ್ಟು ಜಾಗದಲ್ಲಿ ನಮ್ಮವರು ತಲೆತಲಾಂತರದಿಂದ ಹೆಣ ಹೂಳ್ತಾ ಬಂದಿದ್ರು. ಪಹಣಿಯಲ್ಲಿ ಸ್ಮಶಾನ ಅಂತ ಬರೆದಿಲ್ಲ. ಸುತ್ತ ಒತ್ತುವರಿ ಶುರುವಾದಾಗ, 2005ರಲ್ಲಿ, ಕೇರಿಯ ಹಿರೀಕರನ್ನೆಲ್ಲ ಕೂರಿಸ್ಕೊಂಡು ಯಾರ್ಯಾರನ್ನ ಎಲ್ಲೆಲ್ಲಿ ಹೂತಿದ್ದೀವಿ ಅಂತ ಪಟ್ಟಿ ಮಾಡಿದ್ವಿ. ಹುಣಸೇಮರದಿಂದ ಎಷ್ಟು ಹೆಜ್ಜೆ, ಯಾವ ಬರದ ವರ್ಷ, ಯಾರ ಮಗ, ಯಾರ ಸೊಸೆ. ಅದನ್ನ ಅರ್ಜಿ ಜೊತೆ ಕಚೇರಿಗೆ ಕೊಟ್ವಿ. ಈಗ ಕೇಳಿದ್ರೆ ಆ ಕಡತ ಸಿಗ್ತಿಲ್ಲ ಅಂತಾರೆ. ನಮ್ಮ ಪ್ರತಿ ಗೆದ್ದಲಿನ ಪಾಲಾಯ್ತು. ಎದುರು ಪಾರ್ಟಿಯವರು ಅಲ್ಲಿ ಯಾವತ್ತೂ ಯಾರನ್ನೂ ಹೂತೇ ಇಲ್ಲ ಅಂತಿದ್ದಾರೆ. ಪಟ್ಟಿ ಹೇಳಿದ ಹಿರೀಕರಲ್ಲಿ ಬದುಕಿರೋರು ಇಬ್ಬರು. ಒಬ್ಬರಿಗೆ ಕಣ್ಣು ಕಾಣಲ್ಲ, ಇನ್ನೊಬ್ಬರಿಗೆ ನೆನಪಿಲ್ಲ.

ಉಳಿದಿದ್ದು ಅಟ್ಟದ ಮೇಲಿನ ಕಂಪ್ಯೂಟರ್ ಒಂದೇ. ಆ ಪಟ್ಟಿಯನ್ನ ಟೈಪ್ ಮಾಡಿದ್ದು ನಮ್ಮ ಸಂಘಟನೆಯ ಡಿಟಿಪಿ ಅಕ್ಕ. ಅವರೂ ಈಗಿಲ್ಲ. ಪೇಜ್‌ಮೇಕರ್‌ನಲ್ಲಿ ನುಡಿ ಅಕ್ಷರದಲ್ಲಿ ಮಾಡಿದ್ರು. ಆಗ ಕರಪತ್ರ, ಪೋಸ್ಟರ್, ಮನವಿಪತ್ರ ಎಲ್ಲಾ ಅದರಲ್ಲೇ.

ಅಂಗಡಿಯ ಹುಡುಗ ಹಾರ್ಡ್ ಡಿಸ್ಕ್ ಬಿಚ್ಚಿ ಬೇರೆ ಕಂಪ್ಯೂಟರಿಗೆ ಹಾಕಿ ಫೈಲ್‌ಗಳನ್ನೆಲ್ಲ ಪೆನ್ ಡ್ರೈವ್‌ಗೆ ತೆಗೆದುಕೊಟ್ಟ. ಅಲ್ಲಿಗೆ ಮುಗೀತು ಅನ್ಕೊಂಡೆ. ಮುಗೀಲಿಲ್ಲ. ಪೇಜ್‌ಮೇಕರ್ ಫೈಲನ್ನ ಇವತ್ತಿನ ಹೆಚ್ಚಿನ ಪ್ರೋಗ್ರಾಮ್‌ಗಳು ತೆರೆಯಲ್ಲ. ಒಳಗಿನ ಅಕ್ಷರ ಹೇಗಾದ್ರೂ ಮಾಡಿ ಹೊರಗೆ ಎಳೆದ್ರೆ ಕನ್ನಡ ಇಲ್ಲ. ಇಂಗ್ಲಿಷ್ ಅಕ್ಷರಗಳ ತಲೆ ಮೇಲೆ ಕೊಂಬು, ಚುಕ್ಕೆ. ಹಳೇ ನುಡಿಯಲ್ಲಿ ಕನ್ನಡ ಅನ್ನೋದು ಇಂಗ್ಲಿಷ್ ಅಕ್ಷರದ ಜಾಗದಲ್ಲಿ ಕೂರಿಸಿದ ಚಿತ್ರ ಅಷ್ಟೇ. ಆ ಫಾಂಟ್ ಇಲ್ಲದ ಕಡೆ ಅದು ಕನ್ನಡವೇ ಅಲ್ಲ. ಪರಿವರ್ತಕಗಳಿವೆ ನಿಜ, ಆದ್ರೆ ಒತ್ತಕ್ಷರ ಎಡವಟ್ಟಾಗತ್ತೆ. ಸತ್ತವರ ಹೆಸರಲ್ಲಿ ಒಂದಕ್ಷರ ಹೆಚ್ಚುಕಮ್ಮಿ ಆದ್ರೂ ಎದುರು ವಕೀಲ ಬಿಡ್ತಾನಾ? ಹಾಗಾಗಿ ಹೇಗೆ ಟೈಪ್ ಆಗಿತ್ತೋ ಹಾಗೇ ಪುಟ ನೋಡಬೇಕಿತ್ತು. ಅದಕ್ಕೆ ಎಕ್ಸ್‌ಪಿ ಬೇಕು, ಪೇಜ್‌ಮೇಕರ್ ಬೇಕು, ಆ ನುಡಿ ಬೇಕು.

ಹಳೇ ಪೆಟ್ಟಿಗೆಯ ಮದರ್‌ಬೋರ್ಡ್ ಸತ್ತಿತ್ತು. ಕೆಪಾಸಿಟರ್‌ಗಳು ಊದಿಕೊಂಡು ತಲೆ ಒಡೆದಿದ್ವು. ಹುಡುಗ ಗುಜರಿಯಿಂದ ಅದೇ ಕಾಲದ ಇನ್ನೊಂದು ಬೋರ್ಡ್ ತಂದು ಕೂರಿಸ್ದ. ಆನ್ ಮಾಡಿದ್ರೆ ನೀಲಿ ಪರದೆ. ಬೋರ್ಡ್ ಬದಲಾದ್ರೆ ಎಕ್ಸ್‌ಪಿ ಹಾಗೇ ಮಾಡೋದು, ಡಿಸ್ಕ್ ಓದೋ ಡ್ರೈವರ್ ಹೊಂದಲ್ಲ. ಮತ್ತೆ ಇನ್‌ಸ್ಟಾಲ್ ಮಾಡಬೇಕು. ಮಾಡಿದ್ರೆ ಮತ್ತೆ ಆಕ್ಟಿವೇಷನ್.

ಇಲ್ಲಿಂದ ಇತಿಹಾಸ.

ಸಾಫ್ಟ್‌ವೇರ್ ಕಾಪಿ ಮಾಡೋದು ಕಳ್ಳತನ ಅಂತ ಜೋರಾಗಿ ಮೊದಲು ಕೂಗಿದವರಲ್ಲಿ ಬಿಲ್ ಗೇಟ್ಸ್ ಒಬ್ಬರು. 1976ರ ಫೆಬ್ರವರಿಯಲ್ಲಿ, ಇಪ್ಪತ್ತು ವರ್ಷದ ಹುಡುಗ, ಕಂಪ್ಯೂಟರ್ ಹವ್ಯಾಸಿಗಳಿಗೆ ಬಹಿರಂಗ ಪತ್ರ ಬರೆದ. ನಾವು ಬರೆದ ಬೇಸಿಕ್ ಪ್ರೋಗ್ರಾಮನ್ನ ನೀವೆಲ್ಲ ದುಡ್ಡು ಕೊಡದೆ ಬಳಸ್ತಿದ್ದೀರಿ ಅನ್ನೋದು ತಕರಾರು. ನಾನು ಆ ಪತ್ರವನ್ನ ಗೇಲಿ ಮಾಡಲ್ಲ. ದುಡಿದವನಿಗೆ ಕೂಲಿ ಸಿಗಬೇಕು. ಬಿಟ್ಟಿ ಚಾಕರಿ ಅಂದ್ರೆ ಏನು ಅಂತ ನಮ್ಮ ಕೇರಿಗಳಿಗೆ ಯಾರೂ ಪಾಠ ಹೇಳಬೇಕಾಗಿಲ್ಲ. ನನ್ನ ಪ್ರಶ್ನೆ ಬೇರೆ: ದುಡ್ಡು ಕೊಟ್ಟು ಕೊಂಡ ಮೇಲೂ ಅದು ನನ್ನದಾ?

ವಿಂಡೋಸ್ 98ರ ತನಕ ಕತೆ ಸರಳ. ಸೀಡಿ ಡಬ್ಬಿ ಮೇಲೆ ಒಂದು ಕೀ ಇರ್ತಿತ್ತು. ಟೈಪ್ ಮಾಡಿದ್ರೆ ಮುಗೀತು. ಎಷ್ಟು ಸಲ ಬೇಕಾದ್ರೂ ಹಾಕ್ಕೊಳ್ಳಿ, ಯಾರಿಗೂ ಹೇಳಬೇಕಾಗಿಲ್ಲ. 2001ರ ಅಕ್ಟೋಬರ್ 25ರಂದು ಎಕ್ಸ್‌ಪಿ ಬಂತು, ಅದರ ಜೊತೆ ಆಕ್ಟಿವೇಷನ್ನೂ ಮನೆಮನೆಗೆ ಬಂತು. ಕೀ ಹಾಕಿದ್ರೆ ಸಾಲದು. 30 ದಿನದೊಳಗೆ ಕಂಪನಿಗೆ ಇಂಟರ್‌ನೆಟ್ಟಲ್ಲೋ ಫೋನಲ್ಲೋ ಹೇಳಿ ಒಪ್ಪಿಗೆ ತಗೋಬೇಕು. ಇಲ್ಲದಿದ್ರೆ 31ನೇ ದಿನ ಬಾಗಿಲಲ್ಲೇ ನಿಲ್ಲಿಸತ್ತೆ. ನಿಮ್ಮ ಫೈಲು ಒಳಗೆ, ನೀವು ಹೊರಗೆ.

ಇದು ಹೇಗೆ ನಡೆಯತ್ತೆ ಅನ್ನೋದನ್ನ ಬರ್ಲಿನ್‌ನ ಫುಲ್ಲಿ ಲೈಸೆನ್ಸ್ಡ್ ಅನ್ನೋ ಸಂಸ್ಥೆಯವರು ಎಕ್ಸ್‌ಪಿ ಮಾರುಕಟ್ಟೆಗೆ ಬರೋ ಮೊದಲೇ, 2001ರ ಜುಲೈನಲ್ಲಿ, ಬಿಚ್ಚಿ ಬರೆದಿಟ್ರು. ಯಂತ್ರದ ಹತ್ತು ಗುರುತುಗಳನ್ನ ಅದು ತಗೊಳ್ಳತ್ತೆ: ಪ್ರೊಸೆಸರ್, ಮೆಮೊರಿ ಎಷ್ಟು, ಹಾರ್ಡ್ ಡಿಸ್ಕ್, ಡಿಸ್ಪ್ಲೇ ಕಾರ್ಡ್, ನೆಟ್‌ವರ್ಕ್ ಕಾರ್ಡ್, ಸೀಡಿ ಡ್ರೈವ್, ಹೀಗೆ. ಅವನ್ನೆಲ್ಲ ಸಣ್ಣದಾಗಿ ಅರೆದು, ಕೀಯಿಂದ ಬಂದ ನಂಬರಿನ ಜೊತೆ ಸೇರಿಸಿ 50 ಅಂಕಿಗಳ ಒಂದು ಸಂಖ್ಯೆ ಮಾಡತ್ತೆ. ಫೋನಲ್ಲಾದ್ರೆ ಆ 50 ಅಂಕಿಯನ್ನ ಗುಂಪು ಗುಂಪಾಗಿ ಓದಿ ಹೇಳಬೇಕಿತ್ತು. ಅವರು ವಾಪಸ್ 42 ಅಂಕಿ ಹೇಳ್ತಿದ್ರು. ಅದನ್ನ ಹೊಡೆದ್ರೆ ಯಂತ್ರ ನಿಮ್ಮನ್ನ ಒಪ್ಕೊಳ್ಳತ್ತೆ. ಮುಂದೆ ಒಂದೆರಡು ಭಾಗ ಬದಲಾದ್ರೆ ಸುಮ್ಮನಿರತ್ತೆ, ಜಾಸ್ತಿ ಬದಲಾದ್ರೆ ಮತ್ತೆ ಮೊದಲಿಂದ. ಆ ಬರ್ಲಿನ್‌ನವರು ಒಂದು ನ್ಯಾಯದ ಮಾತೂ ಬರೆದಿದ್ರು: ಇದರಲ್ಲಿ ಹೋಗೋ ಮಾಹಿತಿಯಿಂದ ನಿಮ್ಮ ಗುಟ್ಟು ರಟ್ಟಾಗೋ ಅಷ್ಟೇನಿಲ್ಲ ಅಂತ. ಅದನ್ನ ಮುಚ್ಚಿಟ್ಟು ಬೈಯೋದು ಸರಿಯಲ್ಲ. ನನ್ನ ತಕರಾರು ಗುಟ್ಟಿನದಲ್ಲ, ಒಪ್ಪಿಗೆಯದು.

ಈಗ ಮುಖ್ಯ ಸಂಗತಿ. ಈ ಒಪ್ಪಿಗೆ ಎಲ್ಲರೂ ಕೇಳಬೇಕಿರ್ಲಿಲ್ಲ. ನೂರಾರು ಕಂಪ್ಯೂಟರ್ ಇರೋ ದೊಡ್ಡ ಕಂಪನಿಗಳಿಗೆ, ಸರ್ಕಾರಿ ಇಲಾಖೆಗಳಿಗೆ ವಾಲ್ಯೂಮ್ ಲೈಸೆನ್ಸ್ ಅಂತ ಬೇರೆ ಸೀಡಿ. ಅದಕ್ಕೆ ಎಕ್ಸ್‌ಪಿಯಲ್ಲಿ ಆಕ್ಟಿವೇಷನ್ನೇ ಇಲ್ಲ. ಒಂದೇ ಕೀ, ಎಷ್ಟು ಯಂತ್ರಕ್ಕಾದ್ರೂ. ನಂಬಿಕೆ ದೊಡ್ಡವರಿಗೆ, ಪುರಾವೆ ಕೇಳೋದು ಚಿಕ್ಕವರಿಂದ. ತಾಲ್ಲೂಕಿನ ಡಿಟಿಪಿ ಅಂಗಡಿಯವನು, ಸಾಲ ಮಾಡಿ ಮಗಳಿಗೆ ಕಂಪ್ಯೂಟರ್ ಕೊಡಿಸಿದ ಮೇಷ್ಟ್ರು, ಹತ್ತು ಹತ್ತು ರೂಪಾಯಿ ಎತ್ತಿ ಯಂತ್ರ ತಂದ ನಮ್ಮಂಥ ಸಂಘಟನೆ, ಇವರು 50 ಅಂಕಿ ಓದಬೇಕು.

ಮಜಾ ಏನಂದ್ರೆ ಕಳ್ಳತನ ಆಗಿದ್ದು ದೊಡ್ಡವರ ಬಾಗಿಲಿಂದಾನೇ. ಎಕ್ಸ್‌ಪಿ ಅಂಗಡಿಗೆ ಬರೋಕೆ ಐದು ವಾರ ಮುಂಚೆ, 2001ರ ಸೆಪ್ಟೆಂಬರಲ್ಲಿ, ಒಂದು ವಾಲ್ಯೂಮ್ ಕೀ ಸೋರಿ ಜಗತ್ತೆಲ್ಲ ಹರಡ್ತು. ಆಗ ಕಂಪ್ಯೂಟರ್ ಅಸೆಂಬಲ್ ಮಾಡ್ತಿದ್ದ ಎಷ್ಟೋ ಹುಡುಗರಿಗೆ ಆ 25 ಅಕ್ಷರ ಇವತ್ತಿಗೂ ಬಾಯಿಪಾಠ. ಮಾರ್ಕೆಟ್ಟಲ್ಲಿ ಕಾಗದದ ಕವರಿನ ಸೀಡಿ ಮೇಲೆ ಮಾರ್ಕರಲ್ಲಿ ಬರೆದು ಕೊಡ್ತಿದ್ರು. ನಂಬಿದ ದೊಡ್ಡವರ ಕೀಯಿಂದ ಸೋರಿದ್ದಕ್ಕೆ ಬಿಗಿ ಬಿದ್ದಿದ್ದು ಎಲ್ಲರ ಮೇಲೆ. 2002ರ ಸರ್ವಿಸ್ ಪ್ಯಾಕ್ 1 ಆ ಕೀ ಇದ್ದ ಯಂತ್ರಕ್ಕೆ ಹತ್ತಲಿಲ್ಲ. 2005ರಲ್ಲಿ ಜೆನ್ಯೂನ್ ಅಡ್ವಾಂಟೇಜ್ ಅನ್ನೋ ತಪಾಸಣೆ ಬಂತು. ಮರುವರ್ಷದಿಂದ ಪರದೆಯ ಮೂಲೆಯಲ್ಲಿ ನಕ್ಷತ್ರ, 'ಈ ಕಾಪಿ ಜೆನ್ಯೂನ್ ಅಲ್ಲ' ಅನ್ನೋ ಬರಹ. 2007ರ ಆಗಸ್ಟ್‌ನಲ್ಲಿ ಕಂಪನಿಯ ಸರ್ವರ್‌ನಲ್ಲೇ ತಪ್ಪಾಗಿ, ದುಡ್ಡು ಕೊಟ್ಟು ತಗೊಂಡಿದ್ದ ಸಾವಿರಾರು ಜನರ ಎಕ್ಸ್‌ಪಿ, ವಿಸ್ಟಾಗಳನ್ನ ನಕಲಿ ಅಂದುಬಿಡ್ತು. ತಪ್ಪು ಒಪ್ಕೊಂಡು ಸರಿಮಾಡಿದ್ರು. ಆದ್ರೆ ಆ ಕೆಲವು ಗಂಟೆ ನೆನಪಿಡಬೇಕು. ಅಸಲಿಯಾ ನಕಲಿಯಾ ಅನ್ನೋದು ನಿಮ್ಮ ಹತ್ರ ಇರೋ ರಸೀದಿಯಿಂದ ತೀರ್ಮಾನ ಆಗಲ್ಲ, ಇನ್ನೆಲ್ಲೋ ಕೂತಿರೋ ಯಂತ್ರ ಹೇಳಬೇಕು.

ಸಿಂಧುತ್ವ ಪ್ರಮಾಣಪತ್ರಕ್ಕೆ ಅಲೆದವರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಹುಟ್ಟಿದ ಜಾತಿ ಊರಿಗೆಲ್ಲ ಗೊತ್ತು, ಬಾವಿ ಹತ್ರ, ಹೋಟೆಲಲ್ಲಿ ಯಾರೂ ಪ್ರಮಾಣಪತ್ರ ಕೇಳಲ್ಲ. ನೌಕರಿ ಸಿಕ್ಕ ದಿನ ಮಾತ್ರ ಅದು ಅಸಲಿ ಅಂತ ಮತ್ತೆ ಸಾಬೀತು ಮಾಡಬೇಕು. ಕಾಗದದ ಮೇಲೆ ಹಕ್ಕಿದ್ದು ಕೈಗೆ ಬರದೇ ಇರೋದು ನಮಗೆ ಹೊಸದಲ್ಲ. 1923ರಲ್ಲಿ ಮುಂಬಯಿ ಶಾಸನಸಭೆ ಬೋಲೆ ಠರಾವು ಪಾಸು ಮಾಡಿ ಸಾರ್ವಜನಿಕ ಕೆರೆ ಬಾವಿ ಎಲ್ಲರಿಗೂ ತೆರೆದದ್ದು ಅಂತು. ಮಹಾಡ್ ಪುರಸಭೆಯೂ ಒಪ್ಪಿ ಠರಾವು ಮಾಡ್ತು. ಆದ್ರೂ ಚವದಾರ್ ಕೆರೆಯ ನೀರು ಮುಟ್ಟೋಕೆ 1927ರ ಮಾರ್ಚ್ 20ರಂದು ಬಾಬಾಸಾಹೇಬರೇ ಇಳಿಯಬೇಕಾಯ್ತು. ಆ ಮೇಲೆ ಪುರಸಭೆ ತನ್ನ ಠರಾವು ವಾಪಸ್ ತಗೊಳ್ತು. ಹೈಕೋರ್ಟ್ ತೀರ್ಪು ಬಂದಿದ್ದು 1937ರಲ್ಲಿ. ನೀರೂ ಸಾಫ್ಟ್‌ವೇರೂ ಒಂದೇ ಅಂತ ಹೇಳ್ತಿಲ್ಲ, ಹಾಗೆ ಹೇಳಿದ್ರೆ ಮಹಾಡ್‌ಗೆ ಅವಮಾನ. ಕೊಟ್ಟಿದ್ದೀವಿ ಅನ್ನೋದಕ್ಕೂ ಬಿಟ್ಟಿದ್ದೀವಿ ಅನ್ನೋದಕ್ಕೂ ನಡುವಿನ ಅಂತರ ನಮಗೆ ಬೇಗ ಕಾಣತ್ತೆ, ಅಷ್ಟೇ.

ಇನ್ನೊಂದು ಸಂಗತಿ ಬಹಳ ಜನ ಮರೆತಿದ್ದಾರೆ. 2004-05ರಲ್ಲಿ ಥಾಯ್ಲೆಂಡ್, ಮಲೇಷ್ಯಾ, ಇಂಡೋನೇಷ್ಯಾ, ರಷ್ಯಾ, ಭಾರತ ಅನ್ನೋ ಐದು ದೇಶಗಳಿಗೆ ಎಕ್ಸ್‌ಪಿ ಸ್ಟಾರ್ಟರ್ ಎಡಿಷನ್ ಅಂತ ಅಗ್ಗದ ಆವೃತ್ತಿ ತಂದ್ರು. ನಮ್ಮ ದೇಶಕ್ಕೆ ಹಿಂದಿಯಲ್ಲಿ. ಅದರಲ್ಲಿ ಒಂದೇ ಹೊತ್ತಿಗೆ ಮೂರಕ್ಕಿಂತ ಹೆಚ್ಚು ಪ್ರೋಗ್ರಾಮ್ ತೆರೆಯೋ ಹಾಗಿಲ್ಲ. ಯಂತ್ರಕ್ಕೆ ಶಕ್ತಿ ಇಲ್ಲ ಅಂತಲ್ಲ. ಬಡವರಿಗೆ ಇಷ್ಟು ಸಾಕು ಅಂತ ಬೇಕಂತಲೇ ಹಾಕಿದ ತಡೆ. ಟೀ ಅದೇ, ಲೋಟ ಬೇರೆ.

ಕನ್ನಡದ ವಿಷಯದಲ್ಲಿ ಮಾತ್ರ ಎಕ್ಸ್‌ಪಿಯ ಉಪಕಾರ ನೆನೆಯಲೇಬೇಕು. ವಿಂಡೋಸ್ 2000ದಲ್ಲಿ ಹಿಂದಿ, ತಮಿಳು ಇತ್ತು, ಕನ್ನಡ ಇರ್ಲಿಲ್ಲ. ಎಕ್ಸ್‌ಪಿಯಲ್ಲಿ ಕನ್ನಡ ಬಂತು, ತುಂಗಾ ಅನ್ನೋ ಫಾಂಟ್ ಸಮೇತ. ಆದ್ರೆ ಅದು ತಾನಾಗೇ ಕೆಲಸ ಮಾಡ್ತಿರ್ಲಿಲ್ಲ. ಕಂಟ್ರೋಲ್ ಪ್ಯಾನೆಲ್‌ಗೆ ಹೋಗಿ ಒಂದು ಡಬ್ಬಿಗೆ ಟಿಕ್ ಹಾಕಿ, ಸೀಡಿ ಮತ್ತೆ ತುರುಕಬೇಕಿತ್ತು. ಕರಿ ಸೀಡಿಯವರಿಗೆ, ಸೀಡಿಯೇ ಇಲ್ಲದವರಿಗೆ ಒಳಗೆ ಕನ್ನಡ ಇದೆ ಅಂತಾನೇ ಗೊತ್ತಾಗ್ಲಿಲ್ಲ. ನಮ್ಮ ಅಕ್ಕ ಕೂಡ ಅದನ್ನ ಮುಟ್ಟಲಿಲ್ಲ. ಪುಕ್ಕಟೆ ಸಿಗ್ತಿದ್ದ ನುಡಿಯಲ್ಲೇ ಎಲ್ಲಾ ಮುಗಿಸ್ತಿದ್ರು. ಆಗಲೇ ಯೂನಿಕೋಡ್‌ಗೆ ಬಂದಿದ್ರೆ ಈ ಪಾಡೇ ಇರ್ತಿರ್ಲಿಲ್ಲ ಅಂತ ಈಗ ಹೇಳೋದು ಸುಲಭ. ಪೇಜ್‌ಮೇಕರ್‌ಗೆ ಯೂನಿಕೋಡ್ ಕನ್ನಡ ಬರ್ತಾನೇ ಇರ್ಲಿಲ್ಲ.

ನಮ್ಮ ಯಂತ್ರಕ್ಕೆ ಅಸಲಿ ಎಕ್ಸ್‌ಪಿ ತಗೊಂಡಿದ್ದಕ್ಕೆ ಆಗ ಸಂಘಟನೆಯಲ್ಲೇ ಜಗಳ ಆಗಿತ್ತು. ಅಷ್ಟು ದುಡ್ಡಲ್ಲಿ ಎರಡು ಸಾವಿರ ಕರಪತ್ರ ಅಚ್ಚಾಗ್ತಿತ್ತು ಅಂತ ನಾನೇ ವಾದ ಮಾಡಿದ್ದೆ. ಹಿರಿಯರೊಬ್ಬರು ಒಂದೇ ಮಾತು ಹೇಳಿದ್ರು: "ನಾಳೆ ಪೊಲೀಸ್ರು ಬಂದ್ರೆ ಅಂಬೇಡ್ಕರ್ ಪುಸ್ತಕ ಇಟ್ಕೊಂಡಿದ್ದಕ್ಕೆ ಅಂತ ಕೇಸ್ ಹಾಕಲ್ಲ ಕಣಪ್ಪ. ಕಳ್ಳ ಸೀಡಿ ಅಂತ ಹಾಕ್ತಾರೆ." ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಂ ಪ್ರಕಾರ ನಕಲಿ ಅಂತ ಗೊತ್ತಿದ್ದೂ ಕಂಪ್ಯೂಟರ್ ಪ್ರೋಗ್ರಾಮ್ ಬಳಸಿದ್ರೆ ಏಳು ದಿನದಿಂದ ಮೂರು ವರ್ಷದ ತನಕ ಜೈಲು. ತಾಲ್ಲೂಕಿನ ಅರ್ಧ ಕಂಪ್ಯೂಟರಲ್ಲಿ ಅದೇ ಸೀಡಿ ಇರತ್ತೆ, ಆದ್ರೆ ಬಾಗಿಲು ಬಡಿಯೋದು ಯಾರದ್ದು ಅಂತ ಅವರು ಕೇಳಿದ್ರು. ನನಗಾಗ ಅತಿ ಅನ್ನಿಸಿತ್ತು.

ಅತಿ ಅಲ್ಲ ಅಂತ 2010ರಲ್ಲಿ ಗೊತ್ತಾಯ್ತು. ರಷ್ಯಾದ ಇರ್ಕುಟ್ಸ್ಕ್‌ನಲ್ಲಿ ಬೈಕಲ್ ಎನ್ವಿರಾನ್ಮೆಂಟಲ್ ವೇವ್ ಅನ್ನೋ ಸಂಘಟನೆ. ಬೈಕಲ್ ಸರೋವರದ ದಡದ ಕಾಗದದ ಕಾರ್ಖಾನೆಯನ್ನ ಮತ್ತೆ ತೆರೆಯೋದಕ್ಕೆ ವಿರೋಧ ಮಾಡ್ತಿದ್ರು. ಆ ವರ್ಷ ಜನವರಿಯಲ್ಲಿ ಪೊಲೀಸರು ನುಗ್ಗಿ 12 ಕಂಪ್ಯೂಟರ್ ಹೊತ್ಕೊಂಡು ಹೋದ್ರು. ಕಾರಣ? ಕಾರ್ಖಾನೆಯ ವಿಷಯ ಅಲ್ಲ. ಕಳ್ಳ ವಿಂಡೋಸ್ ಇದೆ ಅನ್ನೋ ಅನುಮಾನ. ನಮ್ಮ ಹತ್ರ ಅಸಲಿ ಲೈಸೆನ್ಸ್ ಇದೆ ಅಂತ ಅವರು ಎಷ್ಟು ಹೇಳಿದ್ರೂ ಯಂತ್ರ ವಾಪಸ್ ಬರಲಿಲ್ಲ. ಇದೇ ನೆಪದಲ್ಲಿ ಇನ್ನೂ ಹಲವು ಸಂಘಟನೆ, ವಿರೋಧಿ ಪತ್ರಿಕೆಗಳ ಮೇಲೆ ದಾಳಿ ಆಗಿತ್ತು. ಕಂಪನಿಯ ಸ್ಥಳೀಯ ವಕೀಲರು ಕೆಲವು ಕಡೆ ಪೊಲೀಸರ ಪರ ನಿಂತಿದ್ದನ್ನ ನ್ಯೂಯಾರ್ಕ್ ಟೈಮ್ಸ್ ಆ ಸೆಪ್ಟೆಂಬರಲ್ಲಿ ಬರೆಯಿತು. ಕೆಲವೇ ದಿನದಲ್ಲಿ ಮೈಕ್ರೋಸಾಫ್ಟ್ ಅಲ್ಲಿನ ಸಂಘಟನೆಗಳಿಗೆ, ಸಣ್ಣ ಮಾಧ್ಯಮಗಳಿಗೆ ಅರ್ಜಿಯೇ ಇಲ್ಲದೆ ಪುಕ್ಕಟೆ ಲೈಸೆನ್ಸ್ ಕೊಟ್ಟೆವು ಅಂತ ಘೋಷಿಸಿತು. ಒಂದೇ ಒಂದು ಪ್ರಕಟಣೆ, ಎಲ್ಲರೂ ಅಸಲಿ. ಅಷ್ಟು ಸುಲಭ ಇತ್ತು ಅದು.

ಆ ಹಿರಿಯರು ಅಷ್ಟರಲ್ಲಿ ತೀರಿಕೊಂಡಿದ್ರು. ನಾನು ಸೋತೆ ಅಂತ ಅವರ ಮುಂದೆ ಹೇಳೋಕೆ ಆಗಲಿಲ್ಲ.

2014ರ ಏಪ್ರಿಲ್ 8ಕ್ಕೆ ಎಕ್ಸ್‌ಪಿಗೆ ಕಂಪನಿ ಬೆಂಬಲ ನಿಲ್ಲಿಸ್ತು. ಆದ್ರೂ ಅದು ಸಾಯಲಿಲ್ಲ. ನಮ್ಮ ಎಟಿಎಂಗಳಲ್ಲೇ ಎಷ್ಟೋ ವರ್ಷ ಓಡ್ತಿತ್ತು, ಹಂತಹಂತವಾಗಿ 2019ರ ಜೂನ್ ಒಳಗೆ ಬದಲಿಸಿ ಅಂತ ರಿಸರ್ವ್ ಬ್ಯಾಂಕ್ 2018ರಲ್ಲಿ ಬ್ಯಾಂಕುಗಳಿಗೆ ಗಡುವು ಕೊಡಬೇಕಾಯ್ತು. ಅಂಥ ಯಂತ್ರವನ್ನ ಇವತ್ತು ಇಂಟರ್‌ನೆಟ್ಟಿಗೆ ಹಚ್ಚೋದು ಬಾಗಿಲು ತೆಗೆದು ಮಲಗಿದ ಹಾಗೆ. ಅದಕ್ಕೇ ನಾವು ನೆಟ್ ಕೇಬಲ್ ಹಾಕಲೇ ಇಲ್ಲ.

ಇನ್ನು ನಮ್ಮ ಇನ್‌ಸ್ಟಾಲೇಷನ್. ಸೀಡಿ ಅಕ್ಕನ ಬೀರುವಿನಲ್ಲಿ ಸಿಕ್ತು. ಕೀ ಇದ್ದಿದ್ದು ಪೆಟ್ಟಿಗೆಯ ಪಕ್ಕದ ಸ್ಟಿಕ್ಕರ್ ಮೇಲೆ, ಅದು ಸವೆದು ಹೋಗಿತ್ತು. ಟಾರ್ಚ್ ಓರೆ ಹಿಡಿದು ಓದಿದ್ವಿ. 25ರಲ್ಲಿ 22 ಅಕ್ಷರ ಸಿಕ್ತು. ಒಂದು ಬಿ ನಾ ಎಂಟಾ, ಇನ್ನೊಂದು ಜಿ ನಾ ಆರಾ, ಮತ್ತೊಂದು ಪೂರ್ತಿ ಹೋಗಿತ್ತು. ಆ ಕೀಗಳಲ್ಲಿ ಬರೋದೇ 24 ಅಕ್ಷರ ಅಂಕಿ, ಸೊನ್ನೆ, ಒಂದು, ಇಂಗ್ಲಿಷ್ ಸ್ವರಗಳು ಇರೋದೇ ಇಲ್ಲ. ಲೆಕ್ಕ ಹಾಕಿ ಕೂತ್ರೆ ಹೆಚ್ಚೆಂದ್ರೆ 96 ಸಲ. ಹುಡುಗ ಹಾಳೆ ಮೇಲೆ ಗೆರೆ ಎಳೀತಾ ಕೂತ. 41ನೇ ಸಲಕ್ಕೆ ಮುಂದಕ್ಕೆ ಹೋಯ್ತು. ನಮ್ಮದೇ ಕೀ, ನಾವು ಕಾಸು ಕೊಟ್ಟಿದ್ದು, ಕಳ್ಳರ ಥರ ಬೀಗ ತಿರುಗಿಸ್ತಾ ಕೂತಿದ್ವಿ.

ಕೀ ಒಪ್ಪಿತು ಅಂದ್ರೆ ಆಕ್ಟಿವೇಷನ್ ಆಯ್ತು ಅಂತಲ್ಲ. ಮೂಲೆಯಲ್ಲಿ ಸಂದೇಶ ಬಂತು: ಇನ್ನು 30 ದಿನ. ಹುಡುಗ ಅಂದ, "ಅಣ್ಣಾ, ಕ್ರ್ಯಾಕ್ ಒಂದು ಹಾಕಿಬಿಡ್ತೀನಿ, ಎರಡು ನಿಮಿಷ." ಬೇಡ ಅಂದೆ. ನಾಳೆ ಇದು ಕೋರ್ಟಿಗೆ ಹೋದ್ರೆ, ಕಂಪ್ಯೂಟರಿಂದ ತೆಗೆದ ದಾಖಲೆ ಜೊತೆ ಒಂದು ಪ್ರಮಾಣಪತ್ರ ಕೊಡಬೇಕು. ಮೊದಲು ಸಾಕ್ಷ್ಯ ಕಾಯ್ದೆಯ 65ಬಿ ಇತ್ತು, ಈಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ. ಯಾವ ಯಂತ್ರ, ಹೇಗೆ ತೆಗೆದಿರಿ, ಅದು ಸರಿಯಾಗಿ ಕೆಲಸ ಮಾಡ್ತಿತ್ತಾ ಅಂತ ಸಹಿ ಹಾಕಬೇಕು. ಕ್ರ್ಯಾಕ್ ಹಾಕಿದ ಯಂತ್ರದ ಮೇಲೆ ಸಹಿ ಹಾಕಿ, ಎದುರಿಗೆ ನಿಂತು ಅಲ್ಲಿ ನಮ್ಮ ಅಜ್ಜಂದಿರಿದ್ದಾರೆ ಅಂದ್ರೆ ಯಾರು ನಂಬ್ತಾರೆ? ಕರೆ ಮಾಡಿ 50 ಅಂಕಿ ಓದೋ ಗೋಜಿಗೂ ಹೋಗಲಿಲ್ಲ. ಕೊಟ್ಟಿರೋ 30 ದಿನದಲ್ಲೇ ಕೆಲಸ ಮುಗಿಸೋಣ ಅಂತ ತೀರ್ಮಾನ ಮಾಡಿದ್ವಿ. ಅದಕ್ಕೆ ಯಾರ ಒಪ್ಪಿಗೆಯೂ ಬೇಡ, ಲೈಸೆನ್ಸ್‌ನಲ್ಲೇ ಇರೋದು.

ಅಂಗಡಿ ಮುಚ್ಚಿರೋ ಗೆಳೆಯ ತನ್ನ ಪೇಜ್‌ಮೇಕರ್ ಸೀಡಿ ಕೊಟ್ಟ. ಅದು ಸೀರಿಯಲ್ ನಂಬರ್ ಒಂದು ಕೇಳಿ ಸುಮ್ಮನಾಯ್ತು. ನುಡಿ ಹಾಕಿದ್ವಿ. ಮೂಲ ಫೈಲಿನ ತಾರೀಖು ಕೆಡಬಾರದು ಅಂತ ಅದರ ನಕಲು ಮಾತ್ರ ತೆರೆದ್ವಿ. ಬೋರ್ಡಿನ ಬ್ಯಾಟರಿ ಸತ್ತು ಗಡಿಯಾರ ಹಿಂದಕ್ಕೆ ಹೋಗಿತ್ತು, ಮೊದಲೇ ಹೊಸದು ಹಾಕಿ ದಿನಾಂಕ ಸರಿಮಾಡಿದ್ದು ಒಳ್ಳೇದಾಯ್ತು.

ಒಂಬತ್ತನೇ ದಿನ ಪಟ್ಟಿ ತೆರೆಯಿತು. ಏಳು ಪುಟ, 68 ಹೆಸರು. ಅಕ್ಕ ಪ್ರತಿ ಹೆಸರಿನ ಮುಂದೆ ಹೇಳಿದವರ ಹೆಸರು, ಅವರ ಹೆಬ್ಬೆಟ್ಟಿಗೆ ಒಂದು ಚೌಕ ಬಿಟ್ಟಿದ್ರು. 23ನೆಯದು ನಮ್ಮಜ್ಜಿ. 'ಹುಣಸೇಮರದಿಂದ ಮೂಡಲಿಗೆ ಹನ್ನೊಂದು ಹೆಜ್ಜೆ, ಮಳೆ ಹೋದ ವರ್ಷ' ಅಂತಿದೆ. ಮರ ಈಗಿಲ್ಲ, ಬುಡ ಇದೆ. ಹೋದ ಭಾನುವಾರ ನಾಲ್ಕು ಜನ ಹೋಗಿ ಆ ಬುಡದಿಂದ ಹೆಜ್ಜೆ ಅಳೆದು ಬಂದ್ವಿ. ಅಲ್ಲಿ ಈಗ ರಾಗಿ ಬೆಳೆದಿದ್ದಾರೆ.

ವಿಚಾರಣೆ ಮುಂದಿನ ತಿಂಗಳಿದೆ. ಏಳು ಪುಟದ ಮುದ್ರಿತ ಪ್ರತಿ, ಮೂಲ ಡಿಸ್ಕ್ ಎರಡೂ ವಕೀಲರ ಹತ್ರ ಇವೆ. 68 ಹೆಸರನ್ನೂ ಯೂನಿಕೋಡ್‌ನಲ್ಲಿ ಮತ್ತೆ ಟೈಪ್ ಮಾಡ್ತಿದ್ದೀವಿ, ಒಬ್ಬರು ಓದೋದು, ಇನ್ನೊಬ್ಬರು ಹೊಡೆಯೋದು. ಆ ಡಿಸ್ಕಲ್ಲಿ ಇನ್ನೂ ಇನ್ನೂರಕ್ಕೂ ಹೆಚ್ಚು ಫೈಲಿವೆ. ಹಳೇ ಕರಪತ್ರ, ಜಾಥಾ ಹಾಡಿನ ಪುಸ್ತಕ, ಬಹಿಷ್ಕಾರ ಆದ ಊರುಗಳ ಹೇಳಿಕೆ. 30 ದಿನದಲ್ಲಿ ಇನ್ನು ಆರು ದಿನ ಬಾಕಿ ಇದೆ. ಹಗಲು ರಾತ್ರಿ ಒಂದೊಂದೇ ತೆರೆದು ಪಿಡಿಎಫ್ ಮಾಡ್ತಿದ್ದೀವಿ.

ಟೈಪಿಂಗ್ ಬರೋರು, ಹಳೇ ನುಡಿ ಓದಿ ತಿದ್ದಬಲ್ಲವರು ಯಾರಾದ್ರೂ ಇದ್ರೆ ಶನಿವಾರ, ಭಾನುವಾರ ಬನ್ನಿ. ಊಟ ನಮ್ಮನೇಲಿ. ನಿಮ್ಮ ಊರಲ್ಲಿ ಸಂಘಟನೆಯ ಹಳೇ ಸಿಪಿಯು ಇದ್ರೆ ಗುಜರಿಗೆ ಹಾಕೋ ಮುಂಚೆ ಒಂದು ಫೋನ್ ಮಾಡಿ.

ಜೈ ಭೀಮ್.